ಸನ್ನಿವೇಶದಲ್ಲಿ ವಾಸ್ತುಕೃತಿ: ಬಾದಾಮಿಯ ಭೂತನಾಥ ದೇವಾಲಯ

ಪ್ರಾಚೀನ ಕಟ್ಟಡವೊಂದನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಅದರ ತಲವಿನ್ಯಾಸವನ್ನು ಅಳೆಯುತ್ತಾರೆ. ಅಧಿಷ್ಠಾನ, ಭಿತ್ತಿ, ಶಿಖರಗಳ ಲಕ್ಷಣಗಳನ್ನು ಗುರುತಿಸುತ್ತಾರೆ. ಶಾಸನಗಳೊಡನೆ ಹೋಲಿಸಿ ಕಾಲವನ್ನು ನಿರ್ಣಯಿಸುತ್ತಾರೆ. ಇತಿಹಾಸಕ್ಕೆ ಈ ಕ್ರಮ ಅನಿವಾರ್ಯವೇ ಸರಿ. ಆದರೆ ಕಲಾಕೃತಿಯಾಗಿ ಆ ಕಟ್ಟಡದ ಬೆಲೆಯೇನು ಎಂಬ ಪ್ರಶ್ನೆಗೆ ಇಷ್ಟರಿಂದಲೇ ಉತ್ತರ ದೊರೆಯಲಾರದು. ಚಿತ್ರಪಟವನ್ನು ಒಂದು ಗೋಡೆಯಿಂದ ಮತ್ತೊಂದಕ್ಕೆ ಸಾಗಿಸಬಹುದು. ಕಟ್ಟಡವಾದರೋ ನೆಲ, ನೀರು, ಬೆಳಕುಗಳೊಡನೆ ಬೆಸೆದುಕೊಂಡೇ ಹುಟ್ಟುತ್ತದೆ. ಈ ಮಾತನ್ನು ಪರೀಕ್ಷಿಸಲು ಬಾದಾಮಿಯ ಭೂತನಾಥ ದೇವಾಲಯವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿ ಅಲ್ಲಿನ ಬಂಡೆಯ ಶಾಸನದಿಂದ ತಿಳಿದಿದೆ. ಕೋಟೆಯ ಕೆಳಗೆ, ಎರಡು ಬೆಟ್ಟಗಳ ನಡುವೆ, ಅಗಸ್ತ್ಯತೀರ್ಥವೆಂಬ ಕೆರೆ. ಅದರ ಪಶ್ಚಿಮಕ್ಕೆ ಊರು; ಪೂರ್ವದ ತುದಿಯಲ್ಲಿ ನೀರಿನ ಅಂಚಿಗೇ ಭೂತನಾಥ ದೇವಾಲಯ. ಗರ್ಭಗೃಹ ಮತ್ತು ಒಳಮಂಟಪಗಳು ಬಾದಾಮಿ ಚಾಲುಕ್ಯರ ಕಾಲದವು. ಕೆರೆಯತ್ತ ಚಾಚಿದ ತೆರೆದ ಮಂಟಪ ಕಲ್ಯಾಣ ಚಾಲುಕ್ಯರ ಕಾಲದ್ದು. ಭಿತ್ತಿಗಳಲ್ಲಿ ವಿಗ್ರಹಗಳ ಸಮೃದ್ಧಿಯಿಲ್ಲ. ಹಳೇಬೀಡಿನ ಹೊಯ್ಸಳೇಶ್ವರವನ್ನು ಅಳೆಯುವ ಕೋಲಿನಿಂದಲೇ ಇದನ್ನೂ ಅಳೆದರೆ, ಇದೊಂದು ಸಾಧಾರಣ ಗುಡಿಯೆಂದು ಬರೆದು ಮುಂದೆ ಸಾಗಬೇಕಾದೀತು.

ಆದರೆ ಎರಡರ ಉದ್ದೇಶವೂ ಬೇರೆ, ನೋಟದ ದೂರವೂ ಬೇರೆ. ಹೊಯ್ಸಳ ಶಿಲ್ಪಿಗೆ ದೊರೆತದ್ದು ನಯವಾದ ಬಳಪದ ಕಲ್ಲು. ಅವನ ಕೆಲಸವನ್ನು ಗೋಡೆಯ ಬಳಿ ನಿಂತು, ಸುತ್ತಿ ಬಂದು ನೋಡಬೇಕು. ಭೂತನಾಥವನ್ನು ಕಟ್ಟಿದವರ ಕೈಯಲ್ಲಿದ್ದುದು ಸುತ್ತಲಿನ ಬೆಟ್ಟದ್ದೇ ಜಾತಿಯ ಕೆಂಪು ಮರಳುಗಲ್ಲು. ಇದನ್ನು ಕೆರೆಯ ಈಚೆ ದಡದಿಂದ ನೋಡಬೇಕು. ಹಿಂದೆ ನೆಟ್ಟಗೆ ಎದ್ದ ಬಂಡೆ, ಮುಂದೆ ಹರಡಿದ ನೀರು. ಇವೆರಡರ ನಡುವೆ ತಗ್ಗಾದ ಮಂಟಪದ ಅಡ್ಡಗೆರೆಗಳು ನೀರಿನ ಸಮತಲವನ್ನು ಅನುಸರಿಸುತ್ತವೆ, ಶಿಖರವು ಬೆಟ್ಟದ ಏರಿಕೆಗೆ ಓಗೊಡುತ್ತದೆ. ಗುಡಿಯು ಪಶ್ಚಿಮಾಭಿಮುಖವಾದುದರಿಂದ ಸಂಜೆಯ ಬಿಸಿಲು ಕಲ್ಲಿಗೂ ಬೆಟ್ಟಕ್ಕೂ ಒಂದೇ ಬಣ್ಣವನ್ನು ಬಳಿಯುತ್ತದೆ.

ಕಾಲನಿರ್ಣಯದ ದೃಷ್ಟಿಗೆ ಹೊರಮಂಟಪವು ಮೂಲದ ಏಕತೆಯನ್ನು ಕೆಡಿಸಿದ ಒಂದು ಸೇರ್ಪಡೆ. ಸನ್ನಿವೇಶದ ದೃಷ್ಟಿಗಾದರೋ ಅದೇ ಕೃತಿಯ ಪೂರ್ಣತೆ. ಶತಮಾನಗಳ ತರುವಾಯ ಬಂದ ಕುಶಲಿಗಳು ಮೊದಲಿನವರ ಆಶಯವನ್ನು ಅರಿತು ಗುಡಿಯನ್ನು ನೀರಿನವರೆಗೆ ಕರೆತಂದರು.

ಇಲ್ಲೊಂದು ಆಕ್ಷೇಪ ಏಳಬಹುದು: ನಿಸರ್ಗದ ಚೆಲುವನ್ನು ಶಿಲ್ಪಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವೇ? ಈ ಆಕ್ಷೇಪಕ್ಕೆ ಬೆಲೆಯಿದೆ. ಸುಂದರ ಸ್ಥಳದಲ್ಲಿರುವ ಕಟ್ಟಡವೆಲ್ಲ ಸುಂದರವಲ್ಲ. ಸ್ಥಳಕ್ಕೆ ತಕ್ಕಂತೆ ರೂಪವು ಬದಲಾಗಿದೆಯೇ ಎಂಬುದೇ ಇಲ್ಲಿ ಒರೆಗಲ್ಲು. ಅದೇ ಊರಿನ ಮಾಲೆಗಿತ್ತಿ ಶಿವಾಲಯವು ಬಂಡೆಯ ನೆತ್ತಿಯ ಮೇಲೆ ಅಡಕವಾಗಿ, ಗಟ್ಟಿಯಾಗಿ ನಿಂತಿದೆ. ಭೂತನಾಥದ ಚಾಚಿದ ಮಂಟಪವನ್ನು ಅಲ್ಲಿಗೊಯ್ದರೆ ಅದಕ್ಕೆ ಅರ್ಥವಿಲ್ಲ. ಮಾಲೆಗಿತ್ತಿಯನ್ನು ನೀರಿನಂಚಿಗೆ ಇಳಿಸಿದರೆ ಅದು ಕುಗ್ಗುತ್ತದೆ. ಸ್ಥಳದ ಆಯ್ಕೆ, ಅದಕ್ಕೆ ತಕ್ಕ ರೂಪ ಇವೆರಡೂ ಶಿಲ್ಪಿಯವೇ.

ಈ ವಿಚಾರ ಕೇವಲ ರಸಿಕರ ಚರ್ಚೆಯಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅಲ್ಲಿ ನಿರ್ಮಾಣವಾಗುತ್ತಿದ್ದ ತೂಗುಸೇತುವೆಗಳು ತಾಣದ ಸಮಗ್ರತೆಗೆ ಧಕ್ಕೆ ತರುವುವೆಂಬುದೇ ಅದಕ್ಕೆ ಮುಖ್ಯ ಕಾರಣ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳನ್ನು ನಿಷೇಧಿತವೆಂದೂ, ಅದರಾಚೆಯ 200 ಮೀಟರುಗಳನ್ನು ನಿಯಂತ್ರಿತವೆಂದೂ ಗೊತ್ತುಪಡಿಸಿತು. ಇದು ಅವಶ್ಯವಾದ ಬೇಲಿ. ಆದರೆ ಕೆರೆಯ ಆಚೆ ದಡದ ನೋಟ ಮೀಟರುಗಳ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಒಂದು ಕಲ್ಲೂ ಅಲುಗದೆ ಉಳಿದು, ಕೃತಿ ಮಾತ್ರ ನಾಶವಾಗಬಹುದು.

ಆದುದರಿಂದ ವಿದ್ಯಾರ್ಥಿಗಳನ್ನು ಪ್ರಾಚೀನ ಸ್ಥಳಗಳಿಗೆ ಕರೆದೊಯ್ಯುವ ಅಧ್ಯಾಪಕರು ಅಳತೆಪಟ್ಟಿಯನ್ನು ಬಿಚ್ಚುವ ಮೊದಲು ಗುಡಿಯನ್ನು ದೂರದಿಂದ ತೋರಿಸಲಿ. ತಲವಿನ್ಯಾಸದ ಪಕ್ಕದಲ್ಲಿಯೇ ಬೆಟ್ಟ, ಕೆರೆ, ದಿಕ್ಕು, ದಾರಿಗಳ ನಕ್ಷೆಯೂ ಬರೆಯಲ್ಪಡಲಿ. ಮುಂದೆ ಆ ಸನ್ನಿವೇಶಕ್ಕೆ ಕುಂದು ಬಂದಾಗ, ಏನನ್ನು ಕಳೆದುಕೊಂಡೆವೆಂದು ಹೇಳಲು ನಮ್ಮಲ್ಲಿ ಅದೊಂದು ದಾಖಲೆಯಾದರೂ ಉಳಿದೀತು.