ತಟ್ಟೆ ತಿರುಗುವ ಸದ್ದು

ಕನ್ನಡ ಸಿನಿಮಾ ಮೊದಲು ಮಾತಾಡಿದ್ದು ಬೆಂಗಳೂರಿನಲ್ಲಲ್ಲ, ಕೊಲ್ಲಾಪುರದಲ್ಲಿ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಅಲ್ಲಿಯ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಮರಾಠಿ ಊರಿಗೆ ಹೋಗಿ ಕನ್ನಡ ಮಾತಾಡಿ ಬಂದರು. ಪುಣೆಗೆ ನೌಕರಿಗೆ ಬಂದು ಇಲ್ಲೇ ಬೇರೂರಿದ ನನ್ನಂಥವರಿಗೆ ಇದೊಂದು ಸಣ್ಣ ಸಮಾಧಾನ. ಆದರೆ ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ನಮ್ಮ ಮೊದಲ ಮಾತೇ ಕೇಳಲು ಸಿಗದ ಮಾತು.

ಸಿನಿಮಾಕ್ಕೆ ಮಾತು ಬಂದ ದಿನವೇ ಯಂತ್ರದ ಸದ್ದೂ ತೊಂದರೆ ಕೊಡಲು ಶುರುವಾಯಿತು. ಮೂಕಿಚಿತ್ರದ ಕಾಲದಲ್ಲಿ ಕ್ಯಾಮೆರಾ ಎಷ್ಟು ಗಡಗಡ ಅಂದರೂ ಯಾರೂ ಕೇಳುತ್ತಿರಲಿಲ್ಲ. ಮೈಕು ಬಂದ ಮೇಲೆ ಅಮೆರಿಕದ ಸ್ಟುಡಿಯೋಗಳಲ್ಲಿ ಕ್ಯಾಮೆರಾವನ್ನೂ ಕ್ಯಾಮೆರಾದವನನ್ನೂ ಸೇರಿಸಿ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಸಿದರು. ಪಾಪ, ಅವನು ಒಳಗೇ ಬೆವರಬೇಕು. ಆಮೇಲೆ ಕ್ಯಾಮೆರಾಕ್ಕೆ ಮಾತ್ರ ದಪ್ಪ ಕವಚ ತೊಡಿಸುವ ಉಪಾಯ ಬಂತು. ಥಿಯೇಟರಿನಲ್ಲಿ ಪ್ರೊಜೆಕ್ಟರ್ ಗೋಡೆಯ ಹಿಂದಿನ ಕ್ಯಾಬಿನ್ನಿನಲ್ಲಿರುತ್ತಿತ್ತು. ಅಂದಿನ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುವಂಥದ್ದಾದ್ದರಿಂದ ಬೆಂಕಿಯ ಭಯಕ್ಕೆ ಕಟ್ಟಿದ ಗೋಡೆ ಅದು. ಮಾತು ಬಂದ ಮೇಲೆ ಅದೇ ಗೋಡೆ ನಮ್ಮ ಕಿವಿಯನ್ನೂ ಕಾಯಿತು. ಕೇಳುವವನಿಂದ ಯಂತ್ರವನ್ನು ಎಷ್ಟು ದೂರ ಇಡಬೇಕು ಅನ್ನುವ ಆ ಲೆಕ್ಕವನ್ನು ಮನೆಗೆ ಕಂಪ್ಯೂಟರ್ ತಂದವರು ಮರೆತರು ಅಂತ ನನ್ನ ಗುಮಾನಿ.

2000ದ ನಂತರ ಹಿಂಜೇವಾಡಿಯ ಕಂಪನಿಗಳಿಗೆ ಕನ್ನಡದ ಹುಡುಗರು ಗುಂಪುಗುಂಪಾಗಿ ಬಂದರು. ಊರಿನಿಂದ ತರುವ ಗಂಟಿನಲ್ಲಿ ಚಟ್ನಿಪುಡಿ, ಜೋಳದ ಹಿಟ್ಟಿನ ಜೊತೆ ವಿಸಿಡಿಗಳೂ ಇರುತ್ತಿದ್ದವು. ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಎರಡೂವರೆ ಗಂಟೆಯ ರಾಜಕುಮಾರ್ ಚಿತ್ರಕ್ಕೆ ಎರಡು ಮೂರು ತಟ್ಟೆ ಬೇಕು, ನಡುನಡುವೆ ಎದ್ದು ಬದಲಿಸಬೇಕು. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಅಂದಾಗ ನಮ್ಮ ಕಪಾಟು ತುಂಬಿಹೋಯಿತು. ಟಿವಿಯ ಕೆಳಗೆ ಒಂದು ಕಂಪ್ಯೂಟರ್ ಇಟ್ಟು ಸಿನಿಮಾ, ಹಾಡು, ಫೋಟೋ ಎಲ್ಲಾ ಅದರಲ್ಲೇ ಅನ್ನುವ ಶೋಕಿ ಶುರುವಾದದ್ದೂ ಅದೇ ಸುಮಾರಿಗೆ. ನಾನೂ ಒಂದು ಜೋಡಿಸಿದೆ. ತಟ್ಟೆ ಹಾಕಿದ ಕೂಡಲೇ ಮಿಕ್ಸರ್ ತಿರುವಿದ ಹಾಗೆ ಸದ್ದು.

ಕಾರಣ ಸರಳ. ಹಾಡಿನ ಸಿಡಿಗಾಗಲಿ ವಿಸಿಡಿಗಾಗಲಿ ಬೇಕಾದದ್ದು ಮೂಲ ವೇಗ, ಅಂದರೆ 1 ಪಟ್ಟು. ತಟ್ಟೆ ಒಳಗಿನ ಅಂಚಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗಿನ ಅಂಚಿಗೆ ಬಂದಾಗ 200 ಸುತ್ತು ತಿರುಗಿದರೆ ಸಾಕು. 1982ರಲ್ಲಿ ಬಂದ ಮೊದಲ ಸಿಡಿ ಪ್ಲೇಯರುಗಳು ಹಾಗೇ ಸಾವಕಾಶ ತಿರುಗುತ್ತಿದ್ದವು. ಆಮೇಲೆ ಕಂಪ್ಯೂಟರಿನವರ ಕೈಗೆ ಸಿಕ್ಕಿ ಪೈಪೋಟಿ ಹುಟ್ಟಿತು. 2 ಪಟ್ಟು, 8 ಪಟ್ಟು ಅಂತ ಏರುತ್ತ 52 ಪಟ್ಟಿಗೆ ಮುಟ್ಟಿತು. 200ನ್ನು 52ರಿಂದ ಗುಣಿಸಿ ನೋಡಿ, ನಿಮಿಷಕ್ಕೆ 10,000 ಸುತ್ತಿನ ಮೇಲೆ! ಇಷ್ಟು ವೇಗದಲ್ಲಿ ಗಾಳಿಯೇ ಶಿಳ್ಳೆ ಹೊಡೆಯುತ್ತದೆ. ತಟ್ಟೆಗೆ ಕಾಗದದ ಲೇಬಲ್ ಸ್ವಲ್ಪ ಸೊಟ್ಟಗೆ ಅಂಟಿಸಿದ್ದರೆ ಇಡೀ ಪೆಟ್ಟಿಗೆ ನಡುಗುತ್ತದೆ. ಗೀರು ಬಿದ್ದ ತಟ್ಟೆಯಾದರಂತೂ ಓದಿದ್ದನ್ನೇ ಓದುತ್ತ ವೇಗ ಏರಿಸಿ ಇಳಿಸಿ ಮಾಡುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆತೀತು, ಏರಿಳಿಯುವ ಸದ್ದನ್ನು ಮರೆಯಲಾರದು.

ನನಗಾದರೆ ವಾಲ್ಯೂಮ್ ಹೆಚ್ಚಿಸಿದರೆ ಮುಗಿಯಿತು. ಆದರೆ ಅವ್ವ ತೀರಿಕೊಂಡ ಮೇಲೆ ಅಪ್ಪ ಧಾರವಾಡದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದರು. ಮರಾಠಿ ಬಾರದು, ಕೆಳಗಿಳಿದರೆ ಮಾತಿಗೆ ಜನ ಇಲ್ಲ. ಅವರಿಗಿದ್ದ ಊರು ಅಂದರೆ ಆ ಕಪಾಟಿನ ತಟ್ಟೆಗಳು. ಕಿವಿಗೆ ಮಷೀನು ಬೇರೆ. ಕಿವಿಯ ಮಷೀನು ಹಾಡನ್ನು ದೊಡ್ಡದು ಮಾಡುವಾಗ ಪಕ್ಕದ ಗುಂಯ್‌ಗುಡುವಿಕೆಯನ್ನೂ ದೊಡ್ಡದು ಮಾಡುತ್ತದೆ. ‘ಆ ಗಿರಣಿ ಬಂದ್ ಮಾಡಪಾ, ಜೋಶಿಯವ್ರು ಷಡ್ಜ ಹಚ್ಚಿದ್ದು ಕೇಳಸವಲ್ದು’ ಅಂದರು. ಎರಡು ದಿನ ಹೀಗೇ ಹೇಳಿ, ಮೂರನೆಯ ದಿನದಿಂದ ಹಾಲಿಗೆ ಬರುವುದನ್ನೇ ಬಿಟ್ಟರು. ಗದಗ ಸೀಮೆಯ ರೋಣದಲ್ಲಿ ಹುಟ್ಟಿ, ಪುಣೆಯಲ್ಲಿ ಮನೆ ಮಾಡಿ, ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಇಲ್ಲಿ ಸಂಗೀತೋತ್ಸವ ನಡೆಸಿದ ಭೀಮಸೇನ ಜೋಶಿಯವರು ನಮ್ಮದೇ ಊರಿನಲ್ಲಿರುವಾಗ, ನಮ್ಮಪ್ಪನಿಗೆ ಅವರ ದನಿ ಕೇಳಿಸುತ್ತಿಲ್ಲ ಅಂದರೆ ಹೇಗೆ?

ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋದೆ. ಪುಣೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಅಂದರೆ ಆ ಗಲ್ಲಿ. ಅಂಗಡಿಯವರೆಲ್ಲ ‘ಆವಾಜ್ ನಾಹೀ ಸಾಹೇಬ್’ ಅನ್ನುವವರೇ. (ಆವಾಜು ನಮ್ಮ ಕಡೆಯ ಮಾತೂ ಹೌದು, ಅದಕ್ಕೆ ಅನುವಾದ ಬೇಕಾಗಲಿಲ್ಲ.) ಪೆಟ್ಟಿಗೆಯ ಮೇಲೆ ವೇಗ ಬರೆದಿರುತ್ತದೆ, ಸದ್ದು ಎಷ್ಟೆಂದು ಬರೆದಿರುವುದಿಲ್ಲ. ಹಾಗಾಗಿ ನಾನು ಉಲ್ಟಾ ಲೆಕ್ಕ ಹಾಕಿದೆ. ಅತಿ ಕಡಿಮೆ ವೇಗದ್ದು ಯಾವುದೋ ಅದು ಬೇಕು. ಲ್ಯಾಪ್‌ಟಾಪಿಗೆಂದು ಮಾಡಿದ ತೆಳ್ಳನೆಯ ಡ್ರೈವು ಸಿಡಿಯನ್ನು 24 ಪಟ್ಟು, ಡಿವಿಡಿಯನ್ನು 8 ಪಟ್ಟಿಗಿಂತ ಹೆಚ್ಚು ಓಡಿಸುವುದಿಲ್ಲ. ಸುತ್ತು ಅರ್ಧಕ್ಕರ್ಧ ಕಡಿಮೆ. ಅದನ್ನೇ ಪೆಟ್ಟಿಗೆಯಲ್ಲಿ ಹಾಕಿ ಯುಎಸ್‌ಬಿ ವೈರು ಕೊಟ್ಟರೆ ಹೊರಗಿಡುವ ಡ್ರೈವು. 2000ದಲ್ಲಿ ಯುಎಸ್‌ಬಿ 2.0 ಬಂದು ವೈರಿನ ವೇಗ 12 ಮೆಗಾಬಿಟ್‌ನಿಂದ 480ಕ್ಕೆ ಏರಿದ್ದರಿಂದಲೇ ಅದರಲ್ಲಿ ಡಿವಿಡಿ ನಿರಾಳವಾಗಿ ಹರಿಯಿತು. ತಟ್ಟೆಯನ್ನು ಬಾಯಲ್ಲಿ ಎಳೆದುಕೊಳ್ಳುವಂಥದ್ದು ನೋಡಲು ಚೆಂದ, ಆದರೆ ನುಂಗುವಾಗ ಉಗುಳುವಾಗ ಕಿರುಗುಟ್ಟುತ್ತದೆ. ನಾನು ತಟ್ಟೆ ಹೊರಚಾಚುವ ಸಾದಾ ನಮೂನೆಯನ್ನೇ ತಂದೆ.

ತಂದರೂ ಪೂರಾ ಗುಣವಾಗಲಿಲ್ಲ. ಟಿವಿ ಕಪಾಟಿನ ಪೊಳ್ಳು ಹಲಗೆ ತಂಬೂರಿಯ ಬುರುಡೆಯ ಹಾಗೆ ಸದ್ದನ್ನು ದೊಡ್ಡದು ಮಾಡುತ್ತಿತ್ತು. ಉದ್ದ ವೈರು ಹಾಕಿ ಒಳಗಿನ ಕೋಣೆಗೇ ಕಳಿಸೋಣ ಅಂದರೆ, ವೈರು ಉದ್ದವಾದಷ್ಟೂ ಕರೆಂಟು ಸೊರಗುತ್ತದೆ. ಒಂದು ಯುಎಸ್‌ಬಿ ತೂತು ಆಗ ಕೊಡುತ್ತಿದ್ದದ್ದೇ 500 ಮಿಲಿ ಆಂಪಿಯರ್, ಮೋಟಾರು ಶುರುವಾಗುವಾಗ ಅದು ಸಾಲದೆಂದು ಎರಡು ತಲೆಯ ವೈರು ಕೊಟ್ಟಿರುತ್ತಿದ್ದರು. ಕಡೆಗೆ ಅವ್ವ ಹೊಲಿದ ಹಳೆಯ ಕೌದಿಯ ತುಂಡನ್ನು ನಾಕು ಮಡಿಕೆ ಮಾಡಿ ಡ್ರೈವಿನ ಅಡಿಗಿಟ್ಟೆ. ವೇಗ ತಗ್ಗಿಸುವ ಸಾಫ್ಟ್‌ವೇರುಗಳೂ ಸಿಗುತ್ತಿದ್ದವು. ನೀರೋದವರದೊಂದು ಸಣ್ಣ ಪ್ರೋಗ್ರಾಂ ಹಾಕಿ, ಡ್ರೈವು ಒಪ್ಪುವ ಅತಿ ಕಡಿಮೆ ವೇಗಕ್ಕೆ ಇಳಿಸಿದೆ. ಅಂದು ಸಂಜೆ ಅಪ್ಪ ತಾವಾಗಿಯೇ ಕುರ್ಚಿ ಎಳೆದುಕೊಂಡು ಕೂತರು. ಹಾಡು ಮುಗಿದ ಮೇಲೆ ‘ತಂಬೂರಿ ಒಂಚೂರು ಇಳದಿತ್ತು’ ಅಂದರು. ಅಷ್ಟು ಕೇಳಿಸಿತ್ತು!

2011ರ ಜನವರಿ 24ರಂದು ಜೋಶಿಯವರು ಇದೇ ಪುಣೆಯಲ್ಲಿ ತೀರಿಕೊಂಡರು. ಅಂದು ರಾತ್ರಿ ಅಪ್ಪ ಊಟ ಬೇಡವೆಂದು ದಾಸರ ಪದಗಳ ಸಿಡಿ ಹಾಕಿಸಿದರು. ಎರಡು ಸಲ ಕೇಳಿದರು, ಏನೂ ಮಾತಾಡಲಿಲ್ಲ. ಮುಂದಿನ ವರ್ಷ ಅವರೂ ಹೋದರು.

ಲಾ ಕಾಲೇಜ್ ರಸ್ತೆಯ ಫಿಲಂ ಆರ್ಕೈವ್ಸ್ ಶುರುವಾದದ್ದು 1964ರಲ್ಲಿ. ಪಕ್ಕದಲ್ಲೇ ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಆರ್ಕೈವ್ಸಿನಲ್ಲೇ ಇತ್ತು. ಅದರಿಂದಲೇ ಹೊಸದಾಗಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿತು. ನಾವು ಕನ್ನಡ ಸಿನಿಮಾಕ್ಕೆಂದು ಊರಿನಿಂದ ತಟ್ಟೆ ಹೊರುತ್ತಿದ್ದಾಗ, ಇಷ್ಟು ದೊಡ್ಡ ಕನ್ನಡದ ಗಂಟು ಇದೇ ಊರಲ್ಲಿ ತಣ್ಣಗೆ ಕೂತಿತ್ತು.

ಮೋಸರ್ ಬೇಯರ್ 2018ರಲ್ಲಿ ಬಾಗಿಲು ಹಾಕಿತು. ಸೋನಿಯವರು 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿದರು. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವು ಕಾಣುವುದೇ ಅಪರೂಪ. ಹಾಗಾಗಿ ಕನ್ನಡದ ಮನೆಗಳಿಂದ ಈಗಲೂ ನನಗೆ ಫೋನ್ ಬರುತ್ತದೆ. ಮದುವೆಯ ಸಿಡಿ ನೋಡಬೇಕಿತ್ತು, ನಿಮ್ಮದು ಎರಡು ದಿನ ಕೊಡ್ತೀರಾ ಅಂತ. ಕೊಡ್ತೇನೆ. ಎರಡು ತಲೆಯ ವೈರು ಮರೆಯದೆ ವಾಪಸ್ ತನ್ನಿ ಅಂತ ಹೇಳಿ ಕೊಡ್ತೇನೆ. ಕೌದಿ ಮಾತ್ರ ಕೊಡೋದಿಲ್ಲ, ಟವೆಲ್ ಮಡಚಿ ಇಟ್ಟುಕೊಳ್ಳಿ ಅಂತೇನೆ.