ಈಜಿಪ್ತಿಗೆ ಹೊಂಟೋರು ನೌನಖ್ತೆಯ ಊರು ಬಿಡಬ್ಯಾಡ್ರಿ

ದೀಪಾವಳಿ ಆದಮ್ಯಾಲೆ ನಮ್ಮ ಬಳಗದಾಗಿನ ಆರು ಮಂದಿ ಹೆಣ್ಮಕ್ಕಳು ಈಜಿಪ್ತಿಗೆ ಹೊಂಟಾರ. ಎಂಟು ದಿವಸ. ಟೂರಿನವರು ಕೊಟ್ಟ ಹಾಳ್ಯಾಗ ಹದಿನೇಳು ಜಾಗಾ ಬರದಾರ. "ಏನು ನೋಡೂದು, ಏನು ಬಿಡೂದು, ನೀನs ಹೇಳು" ಅಂತ ವೈನಿ ದಿನಾ ಫೋನ್ ಮಾಡ್ತಾರ. ಒಬ್ಬೊಬ್ಬರಿಗೆ ಹೇಳೂಕಿಂತ ಇಲ್ಲೇ ಬರದ್ರ ಎಲ್ಲಾರಿಗೂ ಆಗ್ತದ.

ಮೊದಲನೇ ಮಾತು, ಹದಿನೇಳು ಬ್ಯಾಡ. ನಮ್ಮಲ್ಲೆ ಬಾದಾಮಿ, ಪಟ್ಟದಕಲ್ಲು, ಐಹೊಳಿ ಮೂರೂ ಒಂದs ದಿವಸದಾಗ ತೋರಿಸಿ ತರ್ತಾರಲ್ಲಾ, ಮನಿಗೆ ಬಂದಮ್ಯಾಲೆ ಯಾವ ಗುಡಿ ಯಾವ ಊರಾಗಿತ್ತು ಅನ್ನೂದs ನೆನಪಿರೂದಿಲ್ಲ. ಅಲ್ಲಿ ಬರೇ ರಾಜರ ಲೆಕ್ಕನ ಮೂರು ಸಾವಿರ ವರ್ಷದ್ದು. ಕೈರೋಕ್ಕ ಎರಡು ದಿವಸ, ಲಕ್ಸರಿಗೆ ಮೂರು, ಅಸ್ವಾನಿಗೆ ಎರಡು ಇಟಗೋರಿ. ಉಳಿದದ್ದು ಹೋಗೂದು ಬರೂದಕ್ಕs ಬೇಕಾಗ್ತದ. ಅಲೆಕ್ಸಾಂಡ್ರಿಯಾ ಈ ಸಲ ಬಿಡ್ರಿ. ಅಲ್ಲಿಯ ಹೆಸರಾದ ದೀಪಸ್ತಂಭ ಬಿದ್ದು ಹೋಗಿ ಎಷ್ಟೋ ಶತಮಾನ ಆತು, ಈಗಿನ ಗ್ರಂಥಾಲಯ 2002ರಾಗ ತೆರೆದ ಹೊಸಾ ಕಟ್ಟಡ.

ಗೀಜಾದ ಪಿರಮಿಡ್ ನೋಡ್ಲಾರದ ಬರಾಕ ಆಗೂದಿಲ್ಲ, ಮನೀಗೆ ಬಂದಮ್ಯಾಲೆ ಎಲ್ಲಾರೂ ಅದನ್ನs ಕೇಳೋರು. ಖುಫು ರಾಜನ ದೊಡ್ಡ ಪಿರಮಿಡ್ ಕ್ರಿ.ಪೂ. 2560ರ ಸುಮಾರಿನದು, ಕಟ್ಟಿದಾಗ 146 ಮೀಟರ್ ಎತ್ತರ ಇತ್ತು. ಹೊರಗ ನಿಂತು ಕಣ್ತುಂಬ ನೋಡ್ರಿ, ಒಳಗ ಹೋಗೂದು ಬ್ಯಾಡ. ಬಗ್ಗಿ ಬಗ್ಗಿ ಏರಿದ ಮ್ಯಾಲೆ ಸಿಗೂದು ಒಂದು ಬೋಳು ಖೋಲಿ, ಅದರಾಗ ಒಂದು ಖಾಲಿ ಕಲ್ಲಿನ ಪೆಟ್ಟಿಗಿ. ಮಣಕಾಲು ನೋವು ಇದ್ದೋರಿಗಂತೂ ಬ್ಯಾಡs ಬ್ಯಾಡ. ಅದನ್ನ ಗುಲಾಮರು ಕಟ್ಟಿದ್ರು ಅಂತ ಗೈಡ್ ಹೇಳಿದ್ರ ನಂಬಬ್ಯಾಡ್ರಿ. ಅಲ್ಲೇ ಸನೇಕ ಕೆಲಸಗಾರರ ಗೋರಿ ಸಿಕ್ಕಾವ, ಅವರಿಗೆ ರೊಟ್ಟಿ ಸುಡೋ ದೊಡ್ಡ ಬೇಕರಿಗೋಳೂ ಸಿಕ್ಕಾವ. ಗುಲಾಮರಿಗೆ ರಾಜನ ಮಗ್ಗಲದಾಗ ಗೋರಿ ಯಾರು ಕಟ್ಟಿಕೊಡ್ತಿದ್ರು? ಸಂಜಿಮುಂದ 2025ರ ನವೆಂಬರದಾಗ ತೆರೆದ ಹೊಸಾ ದೊಡ್ಡ ಮ್ಯೂಸಿಯಮ್ ನೋಡ್ರಿ. ತುತಂಖಾಮನ್‌ನ ಬಂಗಾರ ಎಲ್ಲಾ ಅಲ್ಲೇ ಅದ.

ಇನ್ನ ಲಕ್ಸರ್. ನೈಲ್ ನದಿ ಮೂಡಣ ದಂಡಿಮ್ಯಾಲೆ ಕಾರ್ನಾಕ್ ಗುಡಿ, ಪಡುವಣ ದಂಡಿಗೆ ಗುಡ್ಡದಾಗ ರಾಜರ ಕಣಿವಿ. ಕಣಿವ್ಯಾಗ ಒಂದು ಟಿಕೀಟಿಗೆ ಮೂರು ಗೋರಿ ನೋಡಾಕ ಬಿಡ್ತಾರ, ತುತಂಖಾಮನ್‌ಗ ಬ್ಯಾರೆ ರೊಕ್ಕ. ಅವನ ಗೋರಿ ಭಾಳ ಸಣ್ಣದು. ಆ ರೊಕ್ಕಾ ಉಳಿಸ್ರಿ, ಹಾಳ್ಯಾಗ ಇರಲಾರದ ಒಂದು ಜಾಗಾ ಹೇಳ್ತೀನಿ, ಅಲ್ಲಿಗೆ ಹೋಗ್ರಿ. ಅದರ ಹೆಸರು ದೇರ್ ಎಲ್ ಮದೀನಾ. ರಾಜರ ಗೋರಿ ಕೊರದು, ಚಿತ್ರಾ ಬರದು ಕೊಟ್ಟವರು ನಾಕನೂರು ವರ್ಷ ಸಂಸಾರ ಮಾಡಿದ ಊರು. ಟೂರಿನವರು ಬಿಡೂದಕ್ಕ ಕಾರಣ ಅದ. ಫೋಟೋ ತಗಸ್ಕೊಳ್ಳಾಕ ಅಲ್ಲಿ ಏನೂ ಇಲ್ಲ, ಬರೇ ಮೊಣಕಾಲುದ್ದ, ಎದಿಯುದ್ದ ಗ್ವಾಡಿ.

ಆದ್ರ ಆ ಗ್ವಾಡಿ ನಡಕ ನಿಂತ್ರ ನಿಮಗ ಮನಿ ಗುರ್ತ ಹತ್ತತದ. ಕ್ವಾಟಿ ಒಳಗ ಸುಮಾರು ಎಪ್ಪತ್ತು ಮನಿ, ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟಿದ್ದು. ಒಂದರ ಹಿಂದ ಒಂದು ಖೋಲಿ, ರೈಲಿನ ಡಬ್ಬಿ ಇದ್ದಂಗ. ಮುಂದಿನ ಖೋಲ್ಯಾಗ ಇಟ್ಟಂಗಿ ಕಟ್ಟಿ. ಕೆಲವು ಕಟ್ಟಿಮ್ಯಾಲೆ ಬೆಸ್ ಅನ್ನೋ ಗಿಡ್ಡ ದೇವರ ಚಿತ್ರ ಇತ್ತು, ಬಾಣಂತಿ ಕೂಸನ್ನ ಕಾಯೋ ದೇವರಂವ. ಎಲ್ಲಾದಕ್ಕೂ ಹಿಂದ ಅಡಗಿಮನಿ, ಒಲಿ, ಕಾಳು ಇಡಾಕ ನೆಲಮನಿ, ಮಾಳಗಿಗೆ ಹತ್ತಾಕ ಪಾವಟಿಗಿ. ಊರಾಗ ಬಾವಿ ಇರಲಿಲ್ಲ, ಕತ್ತಿಮ್ಯಾಲೆ ನೀರು ಹೇರಿಕೊಂಡು ಬರ್ತಿದ್ರು. ಅಗಸರನ್ನ ಸರಕಾರನs ನೇಮಿಸಿತ್ತು. ಯಾವ ಅರಿಬಿ ಎಷ್ಟು ಹಾಕೇವಿ ಅನ್ನೂದನ್ನ ಗಡಗಿ ಬೋಕಿಮ್ಯಾಲೆ ಅರಿಬಿ ಚಿತ್ರಾ ತಗದು ಗುರ್ತ ಹಾಕತಿದ್ರು. ನಾವು ಕ್ಯಾಲೆಂಡರಿನಮ್ಯಾಲೆ ಹಾಲಿನ ಗುರ್ತ ಹಾಕಿದಂಗs ಅಲ್ಲೇನ್ರಿ?

ಪಗಾರ ರೊಕ್ಕದಾಗ ಇರಲಿಲ್ಲ, ಕಾಳಿನಾಗ ಇತ್ತು. ಒಬ್ಬ ಕೆಲಸಗಾರಗ ತಿಂಗಳಿಗೆ ನಾಕು ಚೀಲ ಗೋದಿ, ಒಂದೂವರಿ ಚೀಲ ಬಾರ್ಲಿ. ಆ ಗೋದಿ ನಾವು ಹುಗ್ಗಿ ಮಾಡೋ ಜವೆಗೋದಿ ಜಾತೀದು. ಕ್ರಿ.ಪೂ. 1157ರ ಸುಮಾರಿಗೆ, ಮೂರನೇ ರಾಮ್ಸೆಸ್ ರಾಜನ 29ನೇ ವರ್ಷದಾಗ, ಕಾಳು ಬರೂದು ತಪ್ಪಿತು. ಕೆಲಸಗಾರರು ಹತಾರ ಕೆಳಗಿಟ್ಟು ಗುಡಿ ಹಿಂದ ಹೋಗಿ ಕುಂತುಬಿಟ್ರು. ಹಸಿವಿ, ನೀರಡಿಕಿ, ಅರಿಬಿ ಇಲ್ಲ, ಎಣ್ಣಿ ಇಲ್ಲ, ಮೀನಿಲ್ಲ, ಕಾಯಿಪಲ್ಲೆ ಇಲ್ಲ ಅಂತ ಹೇಳಿದ್ದನ್ನ ಕಾರಕೂನ ಬರದಿಟ್ಟಾನ. ದಾಖಲೆ ಸಿಕ್ಕ ಮುಷ್ಕರದಾಗ ಇದs ಎಲ್ಲಾಕ್ಕಿಂತ ಹಳೇದು. ಆ ಹಾಳಿ ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಾಗ ಅದ.

ಆ ವರ್ಷ ಅದs ಊರಾಗ ನೌನಖ್ತೆ ಅನ್ನೋ ಒಬ್ಬ ಹೆಣ್ಮಗಳಿದ್ದಳು. ರಾಣಿ ಅಲ್ಲ, ಪೂಜಾರ್ತಿ ಅಲ್ಲ, ನಮ್ಮಂಗ ಮನಿ ನಡಸೂ ಹೆಣ್ಮಗಳು. ಮೊದಲನೇ ಗಂಡ ಲೆಕ್ಕಪತ್ರ ಬರಿಯೋ ಕಾರಕೂನ, ವಯಸ್ಸಿನಾಗ ಭಾಳ ದೊಡ್ಡಂವ. ಅಂವ ತೀರಿಕೊಂಡಮ್ಯಾಲೆ ಅವನ ಆಸ್ತಿ ಇವಳಿಗೆ ಬಂತು. ಮತ್ತ ಒಬ್ಬ ಗೋರಿ ಕೆಲಸದವನ್ನ ಲಗ್ನಾದಳು, ಎಂಟು ಮಕ್ಕಳಾದ್ವು. ವಯಸ್ಸಾದಮ್ಯಾಲೆ, ಕ್ರಿ.ಪೂ. 1145ರ ಸುಮಾರಿಗೆ, ಊರ ಪಂಚರ ಮುಂದ ಹೋಗಿ ನಿಂತು ಮೃತ್ಯುಪತ್ರ ಬರಸಿದಳು. ಎಂಟೂ ಮಕ್ಕಳನ್ನ ಸಾಕಿ ದೊಡ್ಡವರನ್ನ ಮಾಡೀನಿ, ಸಂಸಾರಕ್ಕ ಬೇಕಾದ ಸಾಮಾನು ಕೊಟ್ಟು ಕಳಿಸೀನಿ, ಈಗ ನನಗ ವಯಸ್ಸಾತು, ಕೆಲವರು ನನ್ನ ನೋಡಿಕೊಳ್ಳವಲ್ರು, ನೋಡಿಕೊಂಡವರಿಗೆ ನನ್ನ ಪಾಲು, ನೋಡ್ಲಾರದವರಿಗೆ ಇಲ್ಲ ಅನ್ನೋ ಅರ್ಥದ ಮಾತು ಅದು. ಒಬ್ಬ ಮಗಗ ಉಳಿದವರಿಗಿಂತ ಹೆಚ್ಚಿಗಿ ಒಂದು ಕಂಚಿನ ಪಾತ್ರೆ ಕೊಟ್ಟಳು. ಅವರಪ್ಪನ ಆಸ್ತ್ಯಾಗಿನ ಪಾಲು ಮಾತ್ರ ಎಂಟೂ ಮಂದೀಗೆ ಹೋಗಬೇಕು ಅಂತ ಬರಸಿದಳು. ಸಿಟ್ಟಿತ್ತು, ಆದ್ರ ಲೆಕ್ಕಾ ತಪ್ಪಲಿಲ್ಲ ನೋಡ್ರಿ. ಮುಂದ ಮನ್ಯಾವರು ಮತ್ತ ಪಂಚರ ಮುಂದ ಬಂದು ಆ ಮಾತಿಗೆ ಒಪ್ಪಿಕೊಂಡ್ರು.

ಆ ಪತ್ರ ಈಗ ಆಕ್ಸ್‌ಫರ್ಡಿನಾಗ ಅದ. ಹೆಣ್ಮಕ್ಕಳಿಗೆ ಮನೆತನದ ಆಸ್ತ್ಯಾಗ ಗಂಡಮಕ್ಕಳ ಸಮ ಪಾಲು ಅನ್ನೋ ಕಾಯ್ದೆ ನಮ್ಮ ಕರ್ನಾಟಕದಾಗ ಬಂದದ್ದು 1994ರಾಗ, ದೇಶಕ್ಕೆಲ್ಲಾ 2005ರಾಗ. ಆಕಿ ಮೂರು ಸಾವಿರ ವರ್ಷದ ಹಿಂದs ತನ್ನ ಆಸ್ತಿ ತನ್ನ ಬಾಯಿಂದ ಹಂಚಿದಳು. ಇನ್ನೊಂದು ನೆನಪಿಡ್ರಿ. ನಮಗ ಇಮ್ಮಡಿ ಪುಲಕೇಶಿ ಎಷ್ಟು ಹಿಂದಿನವನೋ, ನೌನಖ್ತೆಗೆ ಖುಫು ಅಷ್ಟು ಹಿಂದಿನಂವ, ಸುಮಾರು 1400 ವರ್ಷ. "ಹಳೇ ಈಜಿಪ್ತು" ಅಂತ ಒಂದs ಗಂಟು ಕಟ್ಟಿ ಇಡಬ್ಯಾಡ್ರಿ ಅನ್ನೂದು ಇದಕ್ಕs.

ಅಲ್ಲೇ ಊರ ಮಗ್ಗಲದಾಗ ಸೆನ್ನೆಜೆಮ್ ಅನ್ನೋ ಕೆಲಸಗಾರನ ಗೋರಿ ಅದ. ಪಾವಟಿಗಿ ಕಡದು ಅವ, ಹಗೂರಕ ಇಳೀಬೇಕು. ಗ್ವಾಡಿಮ್ಯಾಲೆ ಗಂಡ ಎತ್ತು ಹೂಡಿ ನೇಗಿಲಾ ಹೊಡೀತಾನ, ಹೆಂಡತಿ ಇನೆಫರ್ತಿ ಹಿಂದ ಬೀಜಾ ಚೆಲ್ಲಿಕೋತ ಬರ್ತಾಳ. ಸತ್ತಮ್ಯಾಲೆ ಹೋಗೋ ಸ್ವರ್ಗದ ಚಿತ್ರ ಅದು. ಸ್ವರ್ಗದಾಗೂ ಹೊಲದ ಕೆಲಸ ತಪ್ಪಿಲ್ಲ ಪಾಪ, ಆದ್ರ ಇಬ್ಬರೂ ಬಿಳೇ ಅರಿಬಿ ಉಟಗೊಂಡಾರ. ಬಣ್ಣ ನೋಡಿದ್ರ ನಿನ್ನೆ ಹಚ್ಚಿದಂಗ ಅನಸ್ತದ. ಗುಡ್ಡದ ಆ ಕಡೆ ಹತ್‌ಶೆಪ್ಸುತ್ ರಾಣಿ ಕಟ್ಟಿಸಿದ ಗುಡಿ, ಅದನ್ನೂ ಅವತ್ತs ನೋಡ್ರಿ. ಇಪ್ಪತ್ತು ವರ್ಷದ ಮ್ಯಾಲೆ ರಾಜಗದ್ದಿಗಿ ಮ್ಯಾಲೆ ಕುಂತು ಆಳಿದಾಕಿ. ಸತ್ತಮ್ಯಾಲೆ ಅವಳ ಹೆಸರು, ಮುಖ ಎಲ್ಲಾ ಉಳಿ ಹಚ್ಚಿ ಕೆತ್ತಿ ತಗದಾರ. ಕೆತ್ತಿದ ಕಲೀನೂ ಕಾಣಸ್ತಾವ.

ಅಸ್ವಾನಿನಾಗ ಫಿಲೇ ಗುಡಿಗೆ ದೋಣ್ಯಾಗ ಹೋಗೂದು, ದೇವಿ ಐಸಿಸ್‌ಳ ಗುಡಿ. ಕ್ರಿ.ಶ. 394ರಾಗ ಅಲ್ಲಿ ಕೆತ್ತಿದ ಸಾಲು, ಆ ಚಿತ್ರಲಿಪಿಯೊಳಗ ಇಲ್ಲೀತನಕ ಸಿಕ್ಕದ್ದರಾಗ ಕಡೇದು. ಅಬು ಸಿಂಬೆಲ್ ಅಲ್ಲಿಂದ 280 ಕಿಲೋಮೀಟರ್, ಬೆಳಕು ಹರಿಯೂದರಾಗ ಬಸ್ ಹತ್ತಬೇಕಾಗ್ತದ. ತಾಕತ್ತಿದ್ದೋರು ಹೋಗ್ರಿ. ಸಣ್ಣ ಗುಡಿ ಮುಂದ ನೆಫರ್ತಾರಿ ರಾಣಿ ಮೂರ್ತಿ ರಾಜನ ಮೂರ್ತಿಯಷ್ಟs ಎತ್ತರ ಅದ, ಅದು ಅಲ್ಲಿ ಅಪರೂಪ. ಅಸ್ವಾನ್ ಅಣೆಕಟ್ಟಿಯ ನೀರಾಗ ಮುಳುಗಬಾರದು ಅಂತ 1964ರಿಂದ 1968ರ ತನಕ ಎರಡೂ ಗುಡಿ ಕೊಯ್ದು, ತುಂಡು ತುಂಡು ಮ್ಯಾಲೆ ಒಯ್ದು ಜೋಡಿಸ್ಯಾರ. ಗೈಡ್ ಇದನ್ನ ಅಗದೀ ಹುರುಪಿನಿಂದ ಹೇಳ್ತಾನ. ಅದs ನೀರಿಗೆ ಊರು ಬಿಟ್ಟ ಸುಮಾರು 50,000 ನೂಬಿಯಾ ಮಂದಿ ಎಲ್ಲಿಗೆ ಹೋದ್ರು ಅಂತ ನೀವs ಕೇಳಬೇಕು. ಆಲಮಟ್ಟಿ ಹಿನ್ನೀರಿನಾಗ ಹಳೇ ಬಾಗಲಕೋಟಿ ಮುಳುಗಿ ನವನಗರಕ್ಕ ಬಂದ ನಮ್ಮ ಚಿಗವ್ವ ಈ ಟೂರಿನಾಗ ಇದ್ದಾಳ. ಅವಳು ಕೇಳದs ಬರೂದಿಲ್ಲ ಬಿಡ್ರಿ.