ದುಡಿಮೆಯ ವೇಳೆ ಮತ್ತು ಜಮಾಅತಿನ ವೇಳೆ

ಸಾಮೂಹಿಕ ನಮಾಝ್ ಮತ್ತು ದುಡಿಮೆ ಒಂದಕ್ಕೊಂದು ಎದುರಾಳಿಗಳೆಂಬ ಭಾವನೆ ಇಂದು ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಬೇರೂರಿದೆ. ಜಮಾಅತಿಗೆ ಹೋದರೆ ಕೆಲಸ ಕೆಡುತ್ತದೆ, ಕೆಲಸದಲ್ಲಿ ನಿಂತರೆ ಜಮಾಅತ್ ತಪ್ಪುತ್ತದೆ ಎಂಬ ಮಾತನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಮೊಹಲ್ಲಾಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ಈ ಇಕ್ಕಟ್ಟು ನಮ್ಮ ಕಾಲಕ್ಕೆ ಮಾತ್ರ ಸೇರಿದುದೇ? ಇತಿಹಾಸವು ಹಾಗೆ ಹೇಳುವುದಿಲ್ಲ.

ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಹಿಂದೆ ಸಾಲುಗಟ್ಟಿ ನಿಂತವರು ಬಿಡುವಿನ ಜನರಾಗಿರಲಿಲ್ಲ. ಅನ್ಸಾರರು ಹೊಲ ತೋಟಗಳಲ್ಲಿಯೂ ಮುಹಾಜಿರರು ಪೇಟೆಯಲ್ಲಿಯೂ ದುಡಿಯುತ್ತಿದ್ದರು. ಕೆಲಸದ ಧೂಳು ಬೆವರಿನೊಂದಿಗೇ ಜನರು ಜುಮಾಕ್ಕೆ ಬರುತ್ತಿದ್ದರು, ಆದ್ದರಿಂದಲೇ ಅವರಿಗೆ ಸ್ನಾನ ಮಾಡಿ ಬರುವಂತೆ ಹೇಳಲಾಯಿತು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಪ್ರವಾದಿ(ಸ)ರ ಸನ್ನಿಧಿಯಲ್ಲಿ ಕಲಿಯುವುದಕ್ಕಾಗಿ ಹ. ಉಮರ್(ರ) ಮತ್ತು ಅವರ ಅನ್ಸಾರಿ ನೆರೆಯವರು ದಿನ ಬಿಟ್ಟು ದಿನ ಸರದಿ ಹಾಕಿಕೊಂಡಿದ್ದರು. ಒಬ್ಬರು ಹೋಗಿ ಬಂದು ಅಂದಿನ ವಿಷಯಗಳನ್ನು ಇನ್ನೊಬ್ಬರಿಗೆ ತಿಳಿಸುತ್ತಿದ್ದರು. ಜುಮಾದ ಕರೆ ಕೇಳಿದಾಗ ವ್ಯಾಪಾರವನ್ನು ನಿಲ್ಲಿಸಬೇಕೆಂದು ಆದೇಶಿಸುವ ಪವಿತ್ರ ಕುರ್‌ಆನ್, ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ. ಶುಕ್ರವಾರವಿಡೀ ಕೆಲಸ ನಿಲ್ಲಿಸಬೇಕೆಂದು ಅದು ವಿಧಿಸಿಲ್ಲ.

ಇನ್ನೊಂದು ಘಟನೆ ನಮ್ಮ ನಾಡಿನ ರೈತನಿಗೆ ಬಹಳ ಹತ್ತಿರವಾದುದು. ನೀರು ಹೊರುವ ಒಂಟೆಗಳೊಂದಿಗೆ ದುಡಿದು ದಣಿದ ಒಬ್ಬರು ರಾತ್ರಿ ಹ. ಮುಆದ್ ಬಿನ್ ಜಬಲ್(ರ)ರ ಹಿಂದೆ ನಮಾಝಿಗೆ ನಿಂತರು. ಇಮಾಮರು ಸುದೀರ್ಘ ಸೂರಾ ಒಂದನ್ನು ಆರಂಭಿಸಿದಾಗ ಅವರು ಜಮಾಅತನ್ನು ಬಿಟ್ಟು ಹೊರಟರು. ದೂರು ಪ್ರವಾದಿ(ಸ)ರ ಬಳಿಗೆ ಹೋಯಿತು. ಅವರು ಗದರಿದ್ದು ದುಡಿಮೆಗಾರನನ್ನಲ್ಲ, ಇಮಾಮರನ್ನು. ಹಿಂದೆ ವೃದ್ಧರು, ದುರ್ಬಲರು, ಕೆಲಸವುಳ್ಳವರು ನಿಂತಿರುತ್ತಾರೆ ಎಂದು ನೆನಪಿಸಿ ಚಿಕ್ಕ ಸೂರಾಗಳನ್ನು ಓದಲು ಹೇಳಿದರು. ಇಶಾ ನಮಾಝನ್ನೂ ಅವರು ಜನರು ಬೇಗ ನೆರೆದರೆ ಬೇಗನೆ, ತಡವಾಗಿ ಬಂದರೆ ತಡವಾಗಿ ನಿರ್ವಹಿಸುತ್ತಿದ್ದರೆಂದು ಹ. ಜಾಬಿರ್(ರ) ತಿಳಿಸಿದ್ದಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿ ದುಡಿಮೆಯ ವೇಳೆಯನ್ನು ಸೂರ್ಯನ ಬದಲು ಗಡಿಯಾರವು ನಿರ್ಧರಿಸತೊಡಗಿದ್ದು ಹಂತಹಂತವಾಗಿ. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗವು ಮದ್ದೂರು, ಮಂಡ್ಯಗಳನ್ನು ಜೋಡಿಸಿತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರವು ಆರಂಭವಾಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಸಮಯವು ಬಳಕೆಗೆ ಬಂದಿತು. ದಿವಾನ್ ಸರ್ ಮಿರ್ಝಾ ಇಸ್ಮಾಯಿಲರ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಹಗಲು ರಾತ್ರಿಯ ಭೇದವಿಲ್ಲ. ಕಾರ್ಮಿಕರು ಪಾಳಿಯ ಮೇಲೆ ದುಡಿಯಬೇಕು. ನಾಲೆಯ ನೀರಿನ ಸರದಿ ರಾತ್ರಿ ಬಂದರೆ ರೈತನೂ ರಾತ್ರಿಯೇ ಗದ್ದೆಯಲ್ಲಿರಬೇಕು. ಇಂದು ರೈಲು ಬಸ್ಸುಗಳಲ್ಲಿ ಬೆಂಗಳೂರಿಗೆ ಹೋಗಿ ಬರುವವರ ದಿನವು ಫಜ್ರ್‌ನ ಹೊತ್ತಿಗೇ ಆರಂಭವಾಗುತ್ತದೆ.

ಗಡಿಯಾರ ಬದಲಾದರೂ ನಮಾಝಿನ ವಕ್ತ್ ಬದಲಾಗಲಿಲ್ಲ. ಮಂಡ್ಯದಲ್ಲಿ ಸೂರ್ಯನು ನೆತ್ತಿಯನ್ನು ದಾಟುವುದು ನವೆಂಬರ್ ಆರಂಭದಲ್ಲಿ ಸುಮಾರು 12:06ಕ್ಕೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12:36ಕ್ಕೆ. ಅಲ್ಲಿಂದ ಝುಹರ್‌ನ ಅವಧಿ ಯಾವ ಋತುವಿನಲ್ಲಿಯೂ ಮೂರು ಗಂಟೆಗಿಂತ ಕಡಿಮೆಯಾಗದು. 1948ರ ಕಾರ್ಖಾನೆ ಕಾಯ್ದೆಯು ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡಬೇಕು ಎಂದು ವಿಧಿಸಿತು. ಆ ಅರ್ಧ ಗಂಟೆಯಲ್ಲಿ ಊಟವೂ ಆಗಬೇಕು, ವುಝೂ ಮತ್ತು ನಮಾಝೂ ಆಗಬೇಕು.

ಇಲ್ಲಿ ನಾವು ಒಂದು ವ್ಯತ್ಯಾಸವನ್ನು ಗ್ರಹಿಸಬೇಕು. ವಕ್ತ್ ಅಲ್ಲಾಹನು ನಿಗದಿಪಡಿಸಿದುದು. ಅದನ್ನು ಯಾರೂ ಸರಿಸಲಾರರು. ಆದರೆ ಮಸೀದಿಯ ಗೋಡೆಯ ಫಲಕದಲ್ಲಿರುವ ಜಮಾಅತಿನ ವೇಳೆಯನ್ನು ಆ ವಕ್ತಿನೊಳಗೆ ನಿಗದಿಪಡಿಸುವವರು ನಾವೇ. ಪೇಟೆಯ ಅಂಗಡಿ, ಕಾರ್ಖಾನೆಯ ಪಾಳಿ, ಶಾಲೆಯ ಊಟದ ಬಿಡುವು ಇವುಗಳನ್ನು ವಿಚಾರಿಸಿ ಆ ವೇಳೆಯನ್ನು ಇಡುವುದು ಮಸೀದಿ ಸಮಿತಿಯ ಹೊಣೆ. ಜುಮಾದ ಬಯಾನ್ ನಿಗದಿತ ನಿಮಿಷಕ್ಕೆ ಮುಗಿಯಬೇಕು. ಹತ್ತು ನಿಮಿಷ ಹೆಚ್ಚಾದರೆ ಹಿಂದಿನ ಸಾಲಿನ ಕೂಲಿಕಾರನ ಅರ್ಧ ದಿನದ ಕೂಲಿಗೆ ಕುತ್ತು ಬರಬಹುದು. ಅವನು ಮುಂದಿನ ವಾರ ಬರಲು ಹಿಂಜರಿಯಬಹುದು.

ದುಡಿಯುವವನಿಗೂ ಹೊಣೆಯಿದೆ. ಮಾಲೀಕನಿಗೆ ಒಪ್ಪಿಸಿದ ವೇಳೆ ಅಮಾನತ್ತು. ಫರ್ಝ್ ನಮಾಝಿಗೆ ಕೂಲಿಕಾರನಿಗೆ ಬಿಡುವಿರಬೇಕೆಂದ ಹನಫೀ ಫುಕಹಾಗಳು, ಮಾಲೀಕನ ವೇಳೆಯಲ್ಲಿ ನಫಿಲ್ ಸಲ್ಲಿಸಬಾರದೆಂದೂ ಹೇಳಿದ್ದಾರೆ. ನಮಾಝಿಗೆಂದು ಹೊರಟು ಚಹಾದಂಗಡಿಯಲ್ಲಿ ಕುಳಿತರೆ ನಾಳೆ ಬಿಡುವು ಕೇಳುವ ಇನ್ನೊಬ್ಬ ಸಹೋದರನ ಬಾಗಿಲನ್ನೂ ನಾವು ಮುಚ್ಚಿದಂತೆ. ಮಸೀದಿ ದೂರವಾದರೆ ಇಬ್ಬರು ಸೇರಿದರೂ ಜಮಾಅತ್ ಆಗುತ್ತದೆ ಎಂಬುದನ್ನು ಮರೆಯಬಾರದು.

ಒಂಟಿ ನಮಾಝಿಗಿಂತ ಜಮಾಅತಿಗೆ 27 ಪಟ್ಟು ಶ್ರೇಷ್ಠತೆಯಿದೆ ಎಂಬುದು ನಾವೆಲ್ಲರೂ ಕೇಳಿರುವ ಹದೀಸ್. ಆ ಪ್ರತಿಫಲವು ಬಿಡುವುಳ್ಳವರ ಪಾಲಿಗಷ್ಟೇ ಉಳಿಯದೆ ಬೆವರು ಸುರಿಸಿ ದುಡಿಯುವವರಿಗೂ ದೊರೆಯುವಂತಾಗಲಿ. ಹಲಾಲ್ ಸಂಪಾದನೆಯೊಂದಿಗೆ ಜಮಾಅತನ್ನೂ ಕಾಪಾಡಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.